ಕರಾಮದಲ್ಲಿ ಅಜ್ಜನಿಗೆ ತೊಡಿಸಿದ ಕೋಟು

ಚಿನ್ನಿ, ಬಾಬು,

ನಿಮ್ಮ ಶಾಲೆಯಲ್ಲಿ ಬರೆಸಿರುವ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನ್ನು ಸರಿಯಾಗಿ ಉಚ್ಚರಿಸಲು ನಿಮ್ಮ ಈ ಅಜ್ಜಿಗೆ ಈಗಲೂ ಬರುವುದಿಲ್ಲ. ನಿಮ್ಮ ಪಪ್ಪನಿಗೂ ಬರುವುದಿಲ್ಲ, ಅವನು ಒಪ್ಪುವುದಿಲ್ಲ ಅಷ್ಟೆ. ಮನೆಯಲ್ಲಿ ಕರೆಯುವ ಹೆಸರೇ ಸಾಕು.

ಆಗ ನಾವು ಎರಡು ಊರುಗಳ ಗಡಿಯಲ್ಲಿರುವ ಅಲ್ ನಹ್ದಾದ ಫ್ಲ್ಯಾಟಿನಲ್ಲಿದ್ದೆವು. ಅಡುಗೆಮನೆ ದುಬೈಯಲ್ಲಿತ್ತು, ಅದರ ಕಿಟಕಿಯಿಂದ ಕಾಣುವುದೆಲ್ಲ ಶಾರ್ಜಾ. ಚಿನ್ನಿ, ನೀನು ನಾಲ್ಕನೆಯ ತರಗತಿಯಲ್ಲಿದ್ದೆ. ಬಾಬು ಶಾಲೆಯ ಬಸ್ಸು ಕಂಡರೆ ಇನ್ನೂ ಅಳುತ್ತಿದ್ದ. ನಿಮ್ಮದು ಅಮೆರಿಕದ ಪಾಠ ಕಲಿಸುವ ಶಾಲೆ. ಮಕ್ಕಳು ಕೈರೋದವರು, ಕೊಟ್ಟಾಯದವರು, ಮನಿಲಾದವರು, ನಮ್ಮ ಕರಾವಳಿಯವರು. ಅಮೆರಿಕದ ಮಗು ಒಂದಾದರೂ ಇತ್ತೋ ಇಲ್ಲವೋ ತಿಳಿಯದು.

ಒಂದು ದಿನ ನೀನು ಮನೆಗೆಲಸ ತಂದೆ. ಪೂರ್ವಜರು ಸಮುದ್ರ ದಾಟಿ ಬಂದು ನೆಲೆಸಿದ ಕಾಲದಿಂದ, ಅವರ ಮಕ್ಕಳು ಮೊಮ್ಮಕ್ಕಳು ಪಶ್ಚಿಮಕ್ಕೆ ವಲಸೆ ಹೋದ ಕಾಲದವರೆಗೆ, ನಿಮ್ಮ ಕುಟುಂಬದ ಚರಿತ್ರೆಯನ್ನು ದೊಡ್ಡ ಚಾರ್ಟಿನಲ್ಲಿ ತೋರಿಸಬೇಕು. ಮನೆಯ ಹಿರಿಯರೊಬ್ಬರನ್ನು ಶಾಲೆಗೆ ಕರೆತಂದು ಅದರ ಬಗ್ಗೆ ಮಾತನಾಡಿಸಬೇಕು. ಪಾಠಪುಸ್ತಕವನ್ನೂ ನೀನು ತೋರಿಸಿದೆ. ಬಿಳಿ ಬಟ್ಟೆಯ ಕಮಾನು ಹೊದಿಸಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ನಾನು ಮೊದಲು ಅದನ್ನು ಲಾಂಡ್ರಿಯ ಗಾಡಿ ಎಂದುಕೊಂಡೆ. ಆ ಜಾಗದಲ್ಲಿ ಮೊದಲೇ ಇದ್ದವರು ತಲೆಗೆ ಗರಿ ಸಿಕ್ಕಿಸಿಕೊಂಡು ಪುಟದ ಮೂಲೆಯಲ್ಲಿ ನಿಂತಿದ್ದರು. ಅವರಿಗೆ ಅಲ್ಲಿ ನಿಲ್ಲಲು ಯಾರು ಹೇಳಿದರೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಈ ಪ್ರಶ್ನೆ ನಮ್ಮದಲ್ಲವಲ್ಲ ಎಂದು ಯಾವ ತಂದೆತಾಯಿಗೂ ಅನ್ನಿಸಲಿಲ್ಲ. ಅಷ್ಟು ಫೀಸು ಕೊಟ್ಟ ಮೇಲೆ ಪ್ರಶ್ನೆ ತಪ್ಪಾಗಿರಲು ಸಾಧ್ಯವಿಲ್ಲ. ತಪ್ಪೇನಾದರೂ ಇದ್ದರೆ ಅದು ಪೂರ್ವಜರದ್ದು. ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಈಜಿಪ್ಟಿನ ತಾಯಿಯೊಬ್ಬಳು, ತಮ್ಮವರು ಪೂರ್ವಕ್ಕೆ ಬಂದವರು, ಅದಕ್ಕೂ ಮಾರ್ಕು ಇದೆಯೇ ಎಂದು ಕೇಳಿದ್ದಳಂತೆ. ನಿಮ್ಮ ಮಮ್ಮಿ ಅದನ್ನು ಓದಿ ಹೇಳಿದಾಗ ನನಗೆ ಆಕೆಯ ಬಗ್ಗೆ ನಿಜವಾಗಿಯೂ ಕನಿಕರವಾಯಿತು.

ಎದುರಿನ ಫ್ಲ್ಯಾಟಿನ ಭಟ್ಕಳದಾಕೆಯ ಮೊಮ್ಮಗನೂ ನಿನ್ನ ತರಗತಿಯವನೇ. ಆಕೆ ಆರಾಮವಾಗಿದ್ದಳು.

"ನಮ್ದು ಎಂತ ಕಷ್ಟ ಇಲ್ಲ ಅಕ್ಕ. ನಮ್ಮ ಹಿರಿಯರು ಅರಬ್ಬರು. ಹಡಗಲ್ಲಿ ವ್ಯಾಪಾರಕ್ಕೆ ಬಂದ್ರು, ಭಟ್ಕಳದಲ್ಲೇ ಕೂತ್ರು. ಈಗ ನಾವು ಪಶ್ಚಿಮಕ್ಕೆ ವಾಪಸ್ ಬಂದಿದ್ದೇವೆ."

"ಹಾಗಾದ್ರೆ ನೀವು ವಲಸೆ ಬಂದವರಲ್ಲ, ಮನೆಗೆ ಬಂದವರು," ಎಂದೆ.

"ಹೌದಲ್ಲ. ಮನೆಗೇ ಬಂದದ್ದು. ಮನೆಯವರು ಮಾತ್ರ ಇನ್ನೂ ವೀಸಾ ಕೇಳ್ತಾರೆ," ಎಂದು ಹೇಳಿ ಬಟ್ಟಲು ತುಂಬ ಖರ್ಜೂರ ಕೊಟ್ಟು ಹೋದಳು.

ಶುಕ್ರವಾರ ಚರ್ಚಿನಿಂದ ಬಂದ ಮೇಲೆ ನಿಮ್ಮ ಪಪ್ಪ ಚಾರ್ಟಿನ ವಿಷಯ ಎತ್ತಿದ. ಆಗ ಇಲ್ಲಿ ವಾರದ ರಜೆ ಶುಕ್ರವಾರ, ಅದೇ ನಮ್ಮ ಭಾನುವಾರ. ಇಷ್ಟು ವರ್ಷಗಳಾದರೂ ಕರ್ತನಿಗೆ ಈ ಬದಲಾವಣೆ ಯಾರಾದರೂ ತಿಳಿಸಿದ್ದಾರೋ ಎಂದು ನನಗೊಂದು ಅನುಮಾನ.

"ನಮ್ಮದು ಸುಲಭ ಉಂಟು," ಎಂದ ಅವನು. "ನಾವು ಜರ್ಮನ್ ಮೂಲದವರು."

ನಾನು ಮೀನಿಗೆ ಮಸಾಲೆ ಹಚ್ಚುತ್ತಿದ್ದೆ. "ಯಾರು ನಾವು?" ಎಂದು ಕೇಳಿದೆ.

"ಎಂತ ಅಮ್ಮ ನೀವು. ನಮ್ಮ ಸರ್‌ನೇಮ್ ನೋಡಿದ್ರೆ ಗೊತ್ತಾಗುದಿಲ್ವಾ? ಜರ್ಮನಿಯಲ್ಲಿ ಈ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ."

"ಅದು ಪಾದ್ರಿಗಳು ಕೊಟ್ಟ ಹೆಸರು ಮಗ."

"ಕೊಟ್ಟ ಮೇಲೆ ನಮ್ಮದೇ ಆಯ್ತಲ್ಲ."

ಇದು ನಮ್ಮ ಕ್ರೈಸ್ತ ಸಭೆಯವರು ಮಾತ್ರ ಮಾಡಬಹುದಾದ ತಪ್ಪು. ನಿಮಗೆ ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಬಹಳ ಹಿಂದೆ ನಮ್ಮ ಕರಾವಳಿಗೆ ಜರ್ಮನ್ ಪಾದ್ರಿಗಳು ಬಂದರು. ಒಂದು ಕೈಯಲ್ಲಿ ಸತ್ಯವೇದ, ಇನ್ನೊಂದು ಕೈಯಲ್ಲಿ ಹಂಚಿನ ಅಚ್ಚು. ದೀಕ್ಷಾಸ್ನಾನ ಪಡೆದವರನ್ನು ಜಾತಿಯವರು ಮನೆಯಿಂದ ಹೊರಗೆ ಹಾಕುತ್ತಿದ್ದರು. ಮನೆಯ ಜೊತೆ ಮನೆತನದ ಹೆಸರೂ ಹೋಗುತ್ತಿತ್ತು. ಹಾಗೆ ಬಂದವರಿಗೆ ಮಿಶನ್ ಕಾಂಪೌಂಡಿನಲ್ಲಿ ಒಂದು ಮನೆ, ಹಂಚಿನ ಕಾರ್ಖಾನೆಯಲ್ಲಿ ಒಂದು ಕೆಲಸ, ಕರೆಯಲು ಒಂದು ಹೆಸರು ಕೊಡಬೇಕಾಗುತ್ತಿತ್ತು. ಬೇರೆ ಹೆಸರು ಹೊಳೆಯದಿದ್ದಾಗ ನಮ್ಮ ಪಾದ್ರಿಗಳು ತಮ್ಮದನ್ನೇ ಕೊಟ್ಟರು. ನಿಮ್ಮ ಅಜ್ಜನ ಮುತ್ತಜ್ಜನಿಗೆ ಸಿಕ್ಕಿದ್ದು ಹೀಗೆ. ಅದೇ ಹೆಸರು ಹೊತ್ತ ಮನೆಗಳು ನಮ್ಮ ಹೊಳೆಯ ಎರಡೂ ದಂಡೆಯಲ್ಲಿವೆ. ಅವರೆಲ್ಲ ಆ ಪಾದ್ರಿಯ ರಕ್ತಸಂಬಂಧಿಗಳಾಗಿದ್ದರೆ ಆ ಪುಣ್ಯಾತ್ಮರಿಗೆ ಸುವಾರ್ತೆ ಸಾರಲು ಬಿಡುವೇ ಇರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಬೆಳ್ಳಗೆ ಇದ್ದದ್ದು ಮುದುಕರ ತಲೆಕೂದಲು ಮಾತ್ರ.

ಇದೆಲ್ಲ ನಿಮ್ಮ ಪಪ್ಪನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವನೂ ಆ ಹೊಳೆಯಲ್ಲೇ ಈಜು ಕಲಿತವನು. ಆದರೆ ಅವನ ಕೆಲಸ ಅಬುಧಾಬಿಯಲ್ಲಿ. ದಿನಾಲೂ ಕಾರಿನಲ್ಲಿ ಹೋಗಿ ಬರುತ್ತಿದ್ದ. ಅವನ ಕಂಪನಿಯಲ್ಲಿ ಮೇಲಿನವರೆಲ್ಲ ಯುರೋಪಿನವರು. ಸಂದರ್ಶನಕ್ಕೆ ಕರೆದದ್ದು ಹೆಸರು ನೋಡಿಯೇ ಎಂದು ಅವನೇ ಒಮ್ಮೆ ನಕ್ಕು ಹೇಳಿದ್ದ. ಬಾಗಿಲು ತೆರೆದು ಒಳಗೆ ಹೋದಾಗ ಕುಳಿತಿದ್ದವರು ಅವನ ಬೆನ್ನ ಹಿಂದೆ ಇನ್ನೊಬ್ಬರು ಬರುತ್ತಾರೆಂದು ಕಾದರಂತೆ. ಇಂಥ ಕಂಪನಿಗಳಲ್ಲಿ ಹೆಸರು ನೋಡಿ ಕರೆಯುತ್ತಾರೆ, ಮುಖ ನೋಡಿ ಸಂಬಳ ಹೇಳುತ್ತಾರೆ. ಆಮೇಲೊಂದು ದಿನ ಲಿಫ್ಟಿನಲ್ಲಿ ಜರ್ಮನಿಯ ಮೇಲಧಿಕಾರಿಯೊಬ್ಬರು, ನಿಮ್ಮ ಮೂಲ ನಮ್ಮ ಕಡೆಯದೇ ಎಂದು ಕೇಳಿದರಂತೆ. ಇವನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ, ಸುಮ್ಮನೆ ನಕ್ಕ. ಆ ನಗು ಬೆಳೆದು ಬೆಳೆದು ಕೊನೆಗೆ ನಮ್ಮ ಊಟದ ಮೇಜಿನ ಮೇಲೆ ಚಾರ್ಟಾಗಿ ಬಂದು ಮಲಗಿತು.

ಚಾರ್ಟಿನ ತುದಿಯಲ್ಲಿ ಗಡ್ಡದ ಬಿಳಿಯರೊಬ್ಬರ ಚಿತ್ರ. ಕಂಪ್ಯೂಟರಿನಿಂದ ತೆಗೆದದ್ದು. ಯಾವ ಊರಿನವರೋ, ಯಾರ ಅಜ್ಜನೋ. ಅವರ ಕೆಳಗೆ ನಿಮ್ಮ ಅಜ್ಜನ ಮುತ್ತಜ್ಜ. ಅವರು ಮಾಡುತ್ತಿದ್ದದ್ದು ಹಂಚಿಗೆ ಜೇಡಿಮಣ್ಣು ತುಳಿಯುವ ಕೆಲಸ. ಇದನ್ನು ಬರೆಯುವುದು ಹೇಗೆ ಎಂದು ನಿಮ್ಮ ಮಮ್ಮಿ ಬಹಳ ಯೋಚಿಸಿದಳು.

"ಮಾಮಿ, 'ಫ್ಯಾಕ್ಟರಿ, ಮಣ್ಣಿನ ವಿಭಾಗ' ಅಂತ ಹಾಕಿದ್ರೆ ಆಗ್ತದಾ?" ಎಂದು ನನ್ನನ್ನೇ ಕೇಳಿದಳು.

"ವಿಭಾಗ ಅಂತ ಬೇರೆ ಇರ್ಲಿಲ್ಲ ಮಗ. ಮಂಡಿವರೆಗೆ ಮಣ್ಣಿತ್ತು," ಎಂದೆ.

ಅವಳು ಒಳ್ಳೆಯ ಹುಡುಗಿ. ನಕ್ಕಳು. ಆದರೆ 'ವಿಭಾಗ' ಎಂದೇ ಬರೆದಳು.

ಗಡ್ಡದವರ ಬಗ್ಗೆ ನನಗೆ ಜಗಳವಿರಲಿಲ್ಲ. ಪರರನ್ನು ಅಜ್ಜ ಎಂದು ಕರೆದರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ಭಯವೆಲ್ಲ ಚಾರ್ಟಿನ ಕೆಳಗಿನ ಚೌಕದ್ದು. ಅದು ನಿಮ್ಮ ಅಜ್ಜನದು. ನೀವಿಬ್ಬರೂ ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಆ ಚೌಕದಲ್ಲಿ ಏನು ಬರೆಯುತ್ತಾರೋ ಅದೇ ನಿಮಗೆ ಅಜ್ಜ. ಅವರು ಅಲ್ಲಿ ಅವರಾಗಿಯೇ ಇರಬೇಕು ಎಂಬುದೊಂದೇ ನನ್ನ ಆಸೆ.

ಅವರ ಫೋಟೋ ಒಂದನ್ನು ನಾನು ಸತ್ಯವೇದದೊಳಗೆ ಇಟ್ಟಿದ್ದೆ. ಅದನ್ನು ತಂದು ಕೊಟ್ಟೆ. ದುಬೈಯ ದೇರಾದಲ್ಲಿ ಅವರು ಕೆಲಸಕ್ಕಿದ್ದ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಜೊತೆಯವರ್ಯಾರೋ ತೆಗೆದದ್ದು. ಬನಿಯನ್, ಹೆಗಲ ಮೇಲೊಂದು ತುಂಡು ಬಟ್ಟೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮುಖದ ಮೇಲೆ ಬೆವರು. ನಗುತ್ತಿದ್ದಾರೆ. ನಿಮ್ಮ ಪಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದ. ಮೂಲೆ ಮಡಿಚಿದ್ದನ್ನು ಹೆಬ್ಬೆರಳಿನಿಂದ ಒತ್ತಿ ನೇರ ಮಾಡಿದ. ಆಮೇಲೆ ಹೇಳಿದ:

"ಬನಿಯನ್ ಉಂಟಲ್ಲ ಅಮ್ಮ."

"ಆ ಸೆಖೆಯಲ್ಲಿ ಮತ್ತೆಂತ ಹಾಕುದು?"

"ಹಾಗಲ್ಲ. ಶಾಲೆಯಲ್ಲಿ ಎಲ್ಲರೂ ನೋಡ್ತಾರೆ. ನಾಳೆ ಚಿನ್ನಿಗೆ ಯಾರಾದ್ರೂ ಎಂತಾದ್ರೂ ಹೇಳಿದ್ರೆ?"

 ನಿನ್ನ ಹೆಸರು ಹೇಳಿದರೆ ನನ್ನ ಬಾಯಿ ಮುಚ್ಚುತ್ತದೆ ಎಂದು ಅವನಿಗೆ ಗೊತ್ತು.

ಮರುದಿನ ಸಂಜೆ ಎಲ್ಲರೂ ಕರಾಮದ ಪೇಟೆಗೆ ಹೋದೆವು. ಅಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ ಒಂದಿತ್ತು. ಅಲ್ಲಿ ಯಾರಿಗೆ ಬೇಕಾದರೂ ಕಂಪ್ಯೂಟರಿನಲ್ಲಿ ಕೋಟು ತೊಡಿಸುತ್ತಾರೆ. ಅರ್ಧ ದುಬೈಯ ಬಯೋಡಾಟಾಗಳು ಆ ಕೋಟು ಹಾಕಿಕೊಂಡೇ ಕೆಲಸ ಹುಡುಕುತ್ತವೆ. ಸ್ಟುಡಿಯೋದವನು ನಿಮ್ಮ ಅಜ್ಜನ ತಲೆಯನ್ನು ಬನಿಯನ್ನಿನಿಂದ ಬಿಡಿಸಿ ಕೇಳಿದ:

"ಕೋಟು ಯಾವ ಕಲರ್ ಬೇಕು ಸರ್? ಟೈ ಕೆಂಪಾ, ನೀಲಿಯಾ?"

"ನೀಲಿ," ಎಂದ ನಿಮ್ಮ ಪಪ್ಪ.

"ನೀಲಿ ಅವರಿಗೆ ಒಪ್ಪುದಿಲ್ಲ," ಎಂದೆ. ಆ ಸಂಜೆ ನಾನು ಆಡಿದ ಮಾತು ಅದೊಂದೇ. ಕೆಂಪು ಟೈ ಬಂತು.

ಕೋಟಿನ ಹೆಗಲು ಅಗಲ, ಇವರ ಕತ್ತು ಸಣ್ಣ. ಬೇರೆಯವರ ಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗಿತ್ತು. ಬೆವರನ್ನೂ ಅಳಿಸಿದ್ದ. ನಗುವನ್ನು ಅಳಿಸಲು ಆಗಲಿಲ್ಲವೋ ಏನೋ, ಅದು ಉಳಿದಿತ್ತು. ಕೋಟಿನಲ್ಲಿ ಒಂದೇ ಒಂದು ಸುಕ್ಕಿರಲಿಲ್ಲ. ಆ ಒಂದು ವಿಷಯವನ್ನು ಮಾತ್ರ ನಿಮ್ಮ ಅಜ್ಜ ಮೆಚ್ಚುತ್ತಿದ್ದರು.

ವಾಪಸು ಬರುವಾಗ ದೇರಾದ ಅಲ್ ಮುರಕ್ಕಬಾತಿಗೆ ಹೋದೆವು. ಅಜ್ಜ ಕೆಲಸ ಮಾಡಿದ ಜಾಗದ ಚಿತ್ರವೂ ಚಾರ್ಟಿಗೆ ಬೇಕಿತ್ತು. ಲಾಂಡ್ರಿ ಇದ್ದಲ್ಲಿ ಮೊಬೈಲ್ ಕವರು ಮಾರುವ ಅಂಗಡಿ ಇತ್ತು. ನಿಮ್ಮ ಪಪ್ಪ ಅಲ್ಲಿ ಕಾರು ನಿಲ್ಲಿಸಿ, ಅದರ ಪಕ್ಕದ ಎತ್ತರದ ಗಾಜಿನ ಕಟ್ಟಡದ ಚಿತ್ರ ತೆಗೆದ. ಅಜ್ಜ ಇದ್ದ ಕಾಲದಲ್ಲಿ ಅದು ಖಾಲಿ ಮರಳು. ಹಾಗೆ ನಮ್ಮವರು ಸತ್ತ ಮೇಲೆ ಹದಿನಾಲ್ಕನೆಯ ಮಹಡಿಯವರೆಗೆ ಏರಿದರು.

ಶಾಲೆಯ ದಿನ ಬಂತು. ಹಿರಿಯರು ಎಂದರೆ ಮನೆಯಲ್ಲಿ ನಾನೊಬ್ಬಳೇ. ಮಹಿಳೆಯರ ಕೂಟದಲ್ಲಿ ಪ್ರಾರ್ಥನೆ ಮಾಡಿ ಎಂದರೂ ನನ್ನ ನಾಲಗೆ ಒಣಗುತ್ತದೆ. ನಿಮ್ಮ ಪಪ್ಪ ಧೈರ್ಯ ಹೇಳಿದ: "ಅಮ್ಮ, ನೀವು ಕನ್ನಡದಲ್ಲಿ ಎಂತ ಬೇಕಾದ್ರೂ ಹೇಳಿ. ಚಿನ್ನಿ ಇಂಗ್ಲಿಷಿನಲ್ಲಿ ಹೇಳ್ತಾಳೆ. ಅವಳಿಗೆ ಬಾಯಿಪಾಠ ಮಾಡಿಸಿದ್ದೇನೆ." ಎಂತ ಬೇಕಾದರೂ ಹೇಳಬಹುದು ಎಂದ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾರಿಗೂ ಅರ್ಥವಾಗದ ಕಡೆ ನಿಜ ಹೇಳಲು ಅಷ್ಟೇನೂ ಧೈರ್ಯ ಬೇಕಾಗುವುದಿಲ್ಲ ಎಂದು ಸೀರೆ ಉಡುವಾಗ ಅಂದುಕೊಂಡೆ.

ತರಗತಿಯಲ್ಲಿ ಗೋಡೆಯುದ್ದಕ್ಕೂ ಚಾರ್ಟುಗಳು, ಅವುಗಳ ಮುಂದೆ ಅಜ್ಜ ಅಜ್ಜಿಯರು, ಮಾರಾಟಕ್ಕಿಟ್ಟ ಹಾಗೆ. ಕೇರಳದ ಕ್ರೈಸ್ತ ಕುಟುಂಬಗಳೆಲ್ಲ ಒಂದೇ ಹಡಗಿನಲ್ಲಿ ಬಂದ ಯೇಸುವಿನ ಶಿಷ್ಯರಿಂದಲೇ ಶುರುವಾಗಿದ್ದವು. ಆ ಹಡಗು ಎಷ್ಟು ದೊಡ್ಡದಿತ್ತೋ. ಫಿಲಿಪೈನ್ಸಿನ ಹುಡುಗಿ ರಟ್ಟಿನಲ್ಲಿ ಬಿಳಿ ಕಮಾನಿನ ಗಾಡಿ ಮಾಡಿ, ಅದನ್ನು ವಿಮಾನದ ಮೇಲೆ ಅಂಟಿಸಿದ್ದಳು. ಈಜಿಪ್ಟಿನ ಅಜ್ಜ ಮಾತ್ರ ಬರಿಯ ಹೊಲದ ಚಿತ್ರವೊಂದನ್ನು ಹಿಡಿದು ಕುಳಿತಿದ್ದರು. ಅವರ ಹಿರಿಯರು ಎಲ್ಲಿಗೂ ಹೋದವರಲ್ಲ, ಎಲ್ಲಿಂದಲೂ ಬಂದವರಲ್ಲ. ಟೀಚರು ಅವರ ಮುಂದೆ ಸ್ವಲ್ಪ ಹೊತ್ತು ನಿಂತು, ಪಾಪ ಎಂಬಂತೆ ತಲೆಯಾಡಿಸಿ ಮುಂದೆ ಬಂದರು.

ನಮ್ಮ ಚಾರ್ಟಿನ ಗಡ್ಡದವರನ್ನು ನೋಡಿದ ಕೂಡಲೇ ಅವರ ಮುಖ ಅರಳಿತು. ಕೊನೆಗೂ ಪುಸ್ತಕದಲ್ಲಿರುವಂಥ ಒಬ್ಬ ಪೂರ್ವಜ ಸಿಕ್ಕಿದ್ದರು. ನನ್ನ ಕಡೆ ಬಾಗಿ, ನಿಮ್ಮ ಗಂಡ ಇಲ್ಲಿಗೆ ಬಂದು ಏನು ಮಾಡುತ್ತಿದ್ದರು ಎಂದು ಕೇಳಿದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತದೆ.

ನಾನು ಕನ್ನಡದಲ್ಲಿ ಹೇಳತೊಡಗಿದೆ. ಮೊದಲು ಟೀಚರನ್ನು ನೋಡಿ ಹೇಳುತ್ತಿದ್ದವಳು ಆಮೇಲೆ ನಿನ್ನನ್ನು ನೋಡಿಯೇ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ. ನಾನು ನಿಲ್ಲಿಸಿದಾಗ ನಿನ್ನ ಕಿವಿಗಳು ಕೆಂಪಾಗಿದ್ದವು. ನೀನು ಒಮ್ಮೆ ಚಾರ್ಟನ್ನು, ಒಮ್ಮೆ ಬಾಗಿಲಲ್ಲಿ ಫೋನು ಹಿಡಿದು ನಿಂತ ಪಪ್ಪನನ್ನು ನೋಡಿ ಹೇಳಿದೆ: "ಮೈ ಗ್ರ್ಯಾಂಡ್‌ಫಾದರ್ ವಾಸ್ ಎ ಪಯನೀರ್ ಇನ್ ಟೆಕ್ಸ್‌ಟೈಲ್ಸ್."

ನಾನು ಹೇಳಿದ್ದು ಒಂದು ಸೀರೆಯಷ್ಟು ಉದ್ದ. ನೀನು ಕೊಟ್ಟದ್ದು ಒಂದು ಕರವಸ್ತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ಭಟ್ಕಳದಾಕೆ ಪಕ್ಕದ ಚಾರ್ಟಿನ ಮುಂದಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗಿತ್ತು. ನನ್ನ ಕೈಯನ್ನು ಒಮ್ಮೆ ಒತ್ತಿ ಹಿಡಿದು ಹೇಳಿದಳು: "ಖಲಾಸ್ ಅಕ್ಕ, ಬಿಡಿ. ನಮ್ಮ ಅಜ್ಜ ಮೀನು ಒಣಗಿಸ್ತಿದ್ದದ್ದು. ಇಲ್ಲಿ ನೋಡಿ, 'ಸಾಗರೋತ್ಪನ್ನ'."

ನಮ್ಮ ಚಾರ್ಟಿಗೆ ಮೊದಲ ಬಹುಮಾನದ ನೀಲಿ ರಿಬ್ಬನ್ ಸಿಕ್ಕಿತು. ಶಾಲೆಯ ಕಾರಿಡಾರಿನಲ್ಲಿ ಅದನ್ನು ತೂಗು ಹಾಕಿದರು. ನಿಮ್ಮ ಪಪ್ಪ ಅದರ ಚಿತ್ರ ತೆಗೆದು ಆಫೀಸಿನವರಿಗೆಲ್ಲ ಕಳಿಸಿದ.

ಆ ಸಂಜೆ ನಾನು ನಿನ್ನ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ನೀನು ಬಂದು ಬದಿಯಲ್ಲಿ ನಿಂತೆ.

"ಅಜ್ಜಿ, ನಾನು ರಾಂಗ್ ಹೇಳಿದ್ದಾ?"

"ರಾಂಗ್ ಅಲ್ಲ ಚಿನ್ನಿ. ಸ್ವಲ್ಪ ಸಣ್ಣದಾಯ್ತು."

"ಪೂರ್ತಿ ಹೇಳಿ. ಬಟ್ ಸ್ಲೋ ಆಗಿ. ನಂಗೆ ಕನ್ನಡ ಫಾಸ್ಟ್ ಅರ್ಥ ಆಗುದಿಲ್ಲ."

ನಾನು ಶುರು ಮಾಡಿದೆ. ಹಡಗಿನವರೆಗೆ ಬರುವಷ್ಟರಲ್ಲಿ ನಿನ್ನ ಅರಬಿಕ್ ಟ್ಯೂಷನ್ನಿಗೆ ಹೊತ್ತಾಯಿತು. ಆಮೇಲೆ ಪರೀಕ್ಷೆ ಬಂತು, ರಜೆ ಬಂತು, ನೀನು ಎತ್ತರವಾದೆ, ಕೇಳುವುದನ್ನು ಮರೆತೆ. ಅಂದು ತರಗತಿಯಲ್ಲಿ ನಾನು ಹೇಳಿದ್ದು ಇಷ್ಟು. ಈಗ ಬರೆದಿಡುತ್ತೇನೆ.

ನಿಮ್ಮ ಅಜ್ಜ ಬೊಂಬಾಯಿಯಿಂದ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ದುಬೈಗೆ ಬಂದರು. ದೇರಾದ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಕೂದಲು ಬಿಳಿಯಾಗುವವರೆಗೂ ಅದೇ ಕೆಲಸ. ಅವರು ಇಲ್ಲಿದ್ದಷ್ಟು ಕಾಲ ನಾನು ಊರಿನಲ್ಲಿದ್ದೆ. ನಾನು ಇಲ್ಲಿಗೆ ಬರುವ ಹೊತ್ತಿಗೆ ಅವರಿರಲಿಲ್ಲ. ಅರಬ್ಬರ ಉದ್ದನೆಯ ಬಿಳಿ ನಿಲುವಂಗಿ, ಕಂದೂರಕ್ಕೆ ಗಂಜಿ ಹಾಕಿ, ನಿಲ್ಲಿಸಿದರೆ ಅದೇ ನಿಲ್ಲಬೇಕು, ಹಾಗೆ ಇಸ್ತ್ರಿ ಮಾಡುತ್ತಿದ್ದರಂತೆ. ಬ್ಯಾಂಕಿನ ಸಾಹೇಬರ ಕೋಟು, ಹೋಟೆಲಿನವರ ಮೇಜಿನ ಬಟ್ಟೆ, ಮದುವೆಯ ಶರ್ಟು, ಎಲ್ಲ ಅವರ ಮೇಜಿನ ಮೇಲೆ ಒಂದೇ ರೀತಿ ಮಲಗುತ್ತಿದ್ದವು. ಈ ಊರಿನಲ್ಲಿ ಯಾರಿಗೆ ಬಡ್ತಿ ಸಿಕ್ಕಿತೆಂದು ತನಗೆ ಕಾಲರಿನ ಅಳತೆ ನೋಡಿ ಗೊತ್ತಾಗುತ್ತದೆ, ಹೆಂಡತಿಗೆ ಆಮೇಲೆ ಗೊತ್ತಾಗುತ್ತದೆ ಎಂದು ತಮಾಷೆ ಮಾಡುತ್ತಿದ್ದರು.

ರಜೆಗೆ ಬಂದಾಗ ಮನೆಯ ಇಸ್ತ್ರಿಯನ್ನು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಗಂಡ, ಬಂದವನೇ ಹೆಂಡತಿಯ ಸೀರೆಗಳನ್ನೆಲ್ಲ ಇಸ್ತ್ರಿ ಮಾಡಿ ಸಾಲಾಗಿ ಇಡುತ್ತಿದ್ದುದನ್ನು ನೋಡಿ ನೆರೆಮನೆಯವರು ನಗುತ್ತಿದ್ದರು. ನಾನು ನಾಚಿ ಬಾಗಿಲು ಮುಂದೆ ಮಾಡುತ್ತಿದ್ದೆ. ಅವರು ಹೋದ ಮೇಲೆ ಆ ಸೀರೆಗಳ ಮಡಿಕೆ ಬಿಚ್ಚಲು ನನಗೆ ಮನಸ್ಸು ಬರುತ್ತಿರಲಿಲ್ಲ. ಎಷ್ಟೋ ಭಾನುವಾರ ಹಳೆಯ ಸೀರೆಯಲ್ಲೇ ಆರಾಧನೆಗೆ ಹೋಗಿದ್ದೇನೆ. ಇಷ್ಟೂ ನಾನು ಅಮೆರಿಕದ ಪಾಠದ ಆ ಟೀಚರಿಗೆ ಹೇಳಿದೆ. ನನ್ನ ಸ್ವಂತ ತಂಗಿಗೂ ಹೇಳಿರಲಿಲ್ಲ.

ಪಶ್ಚಿಮಕ್ಕೆ ಹೋದದ್ದು ನಿಜ ಮಕ್ಕಳೇ. ಆದರೆ ನಿಮ್ಮ ಪುಸ್ತಕದವರು ಪಶ್ಚಿಮಕ್ಕೆ ಹೋಗಿ ಗೂಟ ನೆಟ್ಟು ಇದು ನನ್ನದು ಎಂದರು. ನಿಮ್ಮ ಅಜ್ಜ ಒಂದು ಹಿಡಿ ಮರಳನ್ನೂ ತನ್ನದು ಎನ್ನಲಿಲ್ಲ. ವೀಸಾ ಮುಗಿದ ದಿನ ಮೇಜು ಒರೆಸಿ, ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿಟ್ಟು ಊರಿಗೆ ಬಂದರು. ನಿಮ್ಮ ಪಪ್ಪ ಓದಿದ್ದು, ಆ ಹೆಸರನ್ನು ಆಫೀಸಿನ ಬಾಗಿಲಿಗೆ ಹಾಕಿಸಿಕೊಳ್ಳುವಷ್ಟು ದೊಡ್ಡವನಾದದ್ದು ಆ ಮೇಜಿನಿಂದ. ಅವನಿಗೂ ಇದು ಗೊತ್ತು. ಈಗಲೂ ಆಫೀಸಿನ ಶರ್ಟನ್ನು ಹೊರಗೆ ಕೊಡದೆ ತಾನೇ ಇಸ್ತ್ರಿ ಮಾಡಿಕೊಳ್ಳುತ್ತಾನೆ. ಕಾಲರಿನ ಒಳಮೈಯಿಂದ ಶುರು ಮಾಡುತ್ತಾನೆ. ಯಾರು ಕಲಿಸಿದರು ಎಂದು ಒಮ್ಮೆ ಅವನನ್ನೇ ಕೇಳಿ ನೋಡಿ. ಗೇಲಿ ಮಾಡಲು ಕೇಳಬೇಡಿ, ಸುಮ್ಮನೆ ಕೇಳಿ.

ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ತಿಳಿದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಬೇರೆ ಭಾಷೆಯಲ್ಲಿ ಇಷ್ಟು ಮಾತು ಬರುವುದಿಲ್ಲ. ಎಂದಾದರೂ ಕಲಿಯುತ್ತೀರಿ, ಇಲ್ಲವೇ ಓದಿ ಹೇಳುವವರು ಯಾರಾದರೂ ಸಿಗುತ್ತಾರೆ. ಅಲ್ಲಿಯವರೆಗೆ ನಾನು ಬರೆದ ಈ ಹಾಳೆಗಳನ್ನು ಕಪಾಟಿನಲ್ಲಿ ಇಡಬೇಡಿ. ಇಲ್ಲಿ ಬಾಡಿಗೆ ಏರಿದಾಗಲೆಲ್ಲ ಮನೆ ಬದಲಾಗುತ್ತದೆ, ಪ್ರತಿ ಸಲವೂ ಅರ್ಧ ಕಪಾಟು ಕಸಕ್ಕೆ ಹೋಗುತ್ತದೆ. ಎಲ್ಲ ಪಾಸ್‌ಪೋರ್ಟುಗಳನ್ನೂ ಸೀಲು ಹೊಡೆಸಿದ ಸರ್ಟಿಫಿಕೇಟುಗಳನ್ನೂ ನಿಮ್ಮ ಮಮ್ಮಿ ಒಂದು ಜಿಪ್ ಚೀಲದಲ್ಲಿ ಇಟ್ಟಿದ್ದಾಳಲ್ಲ, ಅದರೊಳಗೆ ನಿಮ್ಮ ಜನನ ಪತ್ರಗಳ ಹಿಂದೆ ಈ ಹಾಳೆಗಳನ್ನು ಇಡಿ. ಕಟ್ಟಡದಲ್ಲಿ ಬೆಂಕಿಯ ಗಂಟೆ ಬಾರಿಸಿದರೆ ಈ ದೇಶದಲ್ಲಿ ನಮ್ಮವರು ಮಕ್ಕಳ ಜೊತೆಗೆ ಎತ್ತಿಕೊಂಡು ಓಡುವುದು ಆ ಒಂದು ಚೀಲವನ್ನೇ.